ಬೋರ್ಡಿನ ಮೇಲಿರುವ ನಂಬರು

ಕಲಬುರಗಿಯ ಜೇವರ್ಗಿ ರಸ್ತೆಯ ಕೋಟನೂರದಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ ಇದೆ ಅಂದುಕೊಳ್ಳಿ. ಬೋರ್ಡಿನ ಮೇಲೆ ಮನೆದೇವರ ಹೆಸರಲ್ಲಿ ಅಂಗಡಿಯ ಹೆಸರು, ಮೂಲೆಯಲ್ಲಿ ‘ಪ್ರೊ’ ಎಂದು ಮಾಲೀಕರ ಹೆಸರು, ಪಕ್ಕಕ್ಕೆ ಹತ್ತಂಕಿಯ ಮೊಬೈಲ್ ನಂಬರು. ಅದೇ ನಂಬರು ಬಿಲ್ ಬುಕ್ಕಿನಲ್ಲಿದೆ, ಕೈಚೀಲದ ಮೇಲಿದೆ, ಮಾಲು ಹಾಕುವ ಟಂಟಂ ಹಿಂದೆಯೂ ಇದೆ. ಗಿರಾಕಿಗೆ ಸಿಗಬೇಕಲ್ಲ, ತಪ್ಪೇನಿಲ್ಲ. ಆದರೆ ಬ್ಯಾಂಕಿನ ಒಟಿಪಿ ಬರುವುದೂ ಅದೇ ನಂಬರಿಗೆ. ಜಿಎಸ್‌ಟಿ, ಉದ್ಯಮ್ ನೋಂದಣಿ, ಇ-ವೇ ಬಿಲ್, ಆಧಾರ್, ಪ್ಯಾನ್, ಯುಪಿಐ, ವಾಟ್ಸ್‌ಆ್ಯಪ್ ಎಲ್ಲಕ್ಕೂ ಅದೇ. ರಾತ್ರಿ ಅಂಗಡಿ ಮುಚ್ಚಿ ಮನೆಗೆ ಹೋದ ಮೇಲೆ ಆ ಫೋನು ಮಗನ ಕೈಗೆ ಹೋಗುತ್ತದೆ, ಗೇಮಿಗೆ.

ಸೈಬರ್ ಭದ್ರತೆ ಅಂದರೆ ನಮ್ಮ ಕಣ್ಣ ಮುಂದೆ ಬರುವುದು ಸರ್ವರು, ಫೈರ್‌ವಾಲು, ಕತ್ತಲೆ ಕೋಣೆಯಲ್ಲಿ ಕೂತ ಹ್ಯಾಕರು. ಕೋಟನೂರದ ಈ ಅಂಗಡಿಯಲ್ಲಿ ಒಡೆಯಲು ಸರ್ವರೇ ಇಲ್ಲ. ಮನೆ, ಅಂಗಡಿ, ಬ್ಯಾಂಕು ಮೂರೂ ಒಂದೇ ಫೋನಿನಲ್ಲಿ ಕಲೆತಿವೆ, ಆ ಫೋನಿನ ನಂಬರು ಊರಿಗೆಲ್ಲ ಗೊತ್ತು. ಸಣ್ಣ ವ್ಯಾಪಾರಿಗಳಿಗೆ ಆಗುವ ಮೋಸಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಬಹುತೇಕ ಎಲ್ಲವೂ ಈ ಕಲಬೆರಕೆಯ ಹತ್ತಿರವೇ ಬಂದು ನಿಲ್ಲುತ್ತವೆ. ‘ಜಾಗೃತರಾಗಿರಿ’ ಎಂದು ಫಲಕ ಹಾಕುವವರು ಇದನ್ನು ಹೇಳುವುದಿಲ್ಲ. ವ್ಯಾಪಾರಿಗೆ ಜಾಗ್ರತೆ ಕಲಿಸುವ ಅಗತ್ಯ ಅಷ್ಟಾಗಿ ಇಲ್ಲ ಕೂಡ. ಖೋಟಾ ನೋಟನ್ನು ಬೆರಳ ತುದಿಯಲ್ಲೇ ಗುರುತಿಸುವ ಜನ ಅವರು.

ಮೊದಲು ಫೋನ್ ಕರೆಯ ಕಥೆ ನೋಡೋಣ. ಜಿಎಸ್‌ಟಿ ಪೋರ್ಟಲಿನಲ್ಲಿ ಯಾರದೇ ಜಿಎಸ್‌ಟಿ ನಂಬರು ಹಾಕಿದರೂ ಮಾಲೀಕರ ಹೆಸರು, ಅಂಗಡಿಯ ವಿಳಾಸ, ನೋಂದಣಿ ಯಾವಾಗ ಆಯಿತು ಎಂಬುದೆಲ್ಲ ತೆರೆದುಕೊಳ್ಳುತ್ತದೆ. ಖರೀದಿದಾರರ ಅನುಕೂಲಕ್ಕೆ ಮಾಡಿದ ವ್ಯವಸ್ಥೆ ಅದು. ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ಫೋಟೋ, ಫೋನ್ ನಂಬರು ಸಿಗುತ್ತವೆ. ಇಷ್ಟು ಸಾಕು. ಒಂದು ದಿನ ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತಿಗೆ ಹಿಂದಿಯಲ್ಲಿ ಕರೆ ಬರುತ್ತದೆ. ಮಾತಾಡುವವನು ಸೇನೆಯವನಂತೆ, ಕ್ಯಾಂಪಿಗೆ ಇಷ್ಟು ಚೀಲ ಸಿಮೆಂಟು, ಇಷ್ಟು ಪೈಪು ಬೇಕಂತೆ. ವಾಟ್ಸ್‌ಆ್ಯಪ್ ಚಿತ್ರದಲ್ಲಿ ಸಮವಸ್ತ್ರ, ಕೇಳದೆಯೇ ಗುರುತಿನ ಚೀಟಿಯ ಫೋಟೋ ಕಳಿಸುತ್ತಾನೆ. ದರಕ್ಕೆ ಚೌಕಾಶಿ ಇಲ್ಲ. ಮಾಲು ಕಟ್ಟಿಸಿಟ್ಟ ಮೇಲೆ ಹಣದ ಮಾತು: ‘ನಮ್ಮದು ಮಿಲಿಟರಿ ಅಕೌಂಟು, ಪದ್ಧತಿ ಬೇರೆ. ನೀವು ಮೊದಲು ಐದು ರೂಪಾಯಿ ಹಾಕಿ, ಹತ್ತು ವಾಪಸ್ ಬರುತ್ತದೆ.’ ಬರುತ್ತದೆ ಕೂಡ. ನಂಬಿಕೆ ಕುದುರುವುದೇ ಆ ಹತ್ತು ರೂಪಾಯಿಯಲ್ಲಿ. ಮುಂದೆ ಒಂದು ಕ್ಯೂಆರ್ ಬರುತ್ತದೆ, ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಪೂರ್ತಿ ಹಣ ಬರುತ್ತದೆ ಎಂಬ ಮಾತಿನ ಜತೆಗೆ. ಒತ್ತಿದರೆ ಹೋಗುತ್ತದೆ.

ಯುಪಿಐ ಪಿನ್ ಇರುವುದು ಹಣ ಕೊಡಲಿಕ್ಕೆ ಮತ್ತು ಬ್ಯಾಲೆನ್ಸ್ ನೋಡಲಿಕ್ಕೆ ಮಾತ್ರ. ಹಣ ಬರಬೇಕಾದರೆ ಏನೂ ಒತ್ತಬೇಕಾಗಿಲ್ಲ. ವ್ಯಕ್ತಿಯಿಂದ ವ್ಯಕ್ತಿಗೆ ‘ಹಣ ಕೊಡಿ’ ಎಂದು ಕೋರಿಕೆ ಕಳಿಸುವ ಸೌಲಭ್ಯವನ್ನು ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದಕ್ಕೆ ಇಂಥ ಮೋಸಗಳೇ ಕಾರಣ. ಆದರೆ ಕ್ಯೂಆರ್ ದಾರಿ ಇನ್ನೂ ತೆರೆದೇ ಇದೆ.

ಕಲಬುರಗಿಯದ್ದೇ ಒಂದು ತೊಡಕೂ ಇದೆ. ಮೈಸೂರಿನ ಅಂಗಡಿಯವರಿಗೆ ಅಪರಿಚಿತ ನಂಬರಿನಿಂದ ಹಿಂದಿ ಕೇಳಿಸಿದರೆ ಅರೆಕ್ಷಣವಾದರೂ ಅನುಮಾನ ಬರುತ್ತದೆ. ದಖನಿ ಉರ್ದುವಿನಲ್ಲೇ ಅರ್ಧ ವ್ಯಾಪಾರ ನಡೆಸುವ ಈ ಊರಿನವರಿಗೆ ಆ ಅನುಮಾನ ಬರಲು ಕಾರಣವೇ ಇಲ್ಲ. ಸೊಲ್ಲಾಪುರದಿಂದಲೋ ಹೈದರಾಬಾದಿನಿಂದಲೋ ದಿನಾ ಬರುವ ಕರೆಗಳಲ್ಲಿ ಅದೂ ಒಂದು.

ಗಂಜಿನ, ಅಂದರೆ ಧಾನ್ಯದ ಪೇಟೆಯ, ಕಥೆ ಇನ್ನೊಂದು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತು. ನೆಹರು ಗಂಜಿನ ಅಡತಿ ಅಂಗಡಿಗಳಿಂದ ಕಪನೂರದ ದಾಲ್ ಮಿಲ್ಲುಗಳವರೆಗೆ ಈ ವ್ಯಾಪಾರ ನಡೆಯುವುದು ಫೋನಿನ ಮೇಲಿನ ಸೌದಾದಲ್ಲಿ. ದಲಾಲರು ದರ ಕುದುರಿಸುತ್ತಾರೆ, ಲಾರಿ ಹೊರಡುತ್ತದೆ, ಬಿಲ್ಲಿನ ಪಿಡಿಎಫ್ ವಾಟ್ಸ್‌ಆ್ಯಪಿನಲ್ಲೋ ಇ-ಮೇಲಿನಲ್ಲೋ ಹೋಗುತ್ತದೆ, ಅತ್ತಲಿಂದ ಆರ್‌ಟಿಜಿಎಸ್ ಬರುತ್ತದೆ. ಮುಖ ನೋಡದೆ ವರ್ಷಾನುಗಟ್ಟಲೆ ವ್ಯವಹಾರ ಮಾಡಿದವರಿದ್ದಾರೆ. ಕಳ್ಳನಿಗೆ ಬೇಕಾದದ್ದು ಈ ಸರಪಳಿಯ ಒಂದು ಕೊಂಡಿ: ಮಿಲ್ಲಿನ ಇ-ಮೇಲ್ ಪಾಸ್‌ವರ್ಡು. ಅದು ಸಾಮಾನ್ಯವಾಗಿ ಮಿಲ್ಲಿನ ಹೆಸರು ಮತ್ತು ಇಸವಿ. ಒಳಗೆ ಬಂದವನು ತಕ್ಷಣ ಏನೂ ಮಾಡುವುದಿಲ್ಲ. ವಾರಗಟ್ಟಲೆ ಓದುತ್ತ ಕೂರುತ್ತಾನೆ. ದೊಡ್ಡ ಬಿಲ್ಲು ಹೊರಟ ದಿನ, ಒಂದಕ್ಷರ ಹೆಚ್ಚುಕಮ್ಮಿ ಇರುವ ವಿಳಾಸದಿಂದ ಚೆನ್ನೈನ ಖರೀದಿದಾರರಿಗೆ ಅದೇ ಬಿಲ್ಲು ಇನ್ನೊಮ್ಮೆ ಹೋಗುತ್ತದೆ. ಲೆಟರ್‌ಹೆಡ್ಡು, ಸಹಿ, ಲಾರಿ ನಂಬರು ಎಲ್ಲ ಹಾಗೇ. ಖಾತೆ ಸಂಖ್ಯೆ ಮಾತ್ರ ಬೇರೆ, ಜತೆಗೆ ‘ಹಳೆ ಖಾತೆ ಆಡಿಟ್‌ನಲ್ಲಿದೆ, ದಯವಿಟ್ಟು ಇದಕ್ಕೆ ಹಾಕಿ’ ಎಂಬ ಒಂದು ಸಾಲು. ಅವರು ಹಾಕುತ್ತಾರೆ. ‘ರೊಕ್ಕ ಬಂದಿಲ್ರಿ’ ಅಂತ ಇವರು, ಕಳಿಸಿದ್ದೇವೆ ಅಂತ ಅವರು. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಹೆಸರು ಒಂದು, ಖಾತೆ ಇನ್ನೊಂದು ಆದರೂ ಹಣ ಹೇಗೆ ಹೋಗುತ್ತದೆ? ಎನ್‌ಇಎಫ್‌ಟಿ, ಆರ್‌ಟಿಜಿಎಸ್ ವ್ಯವಸ್ಥೆ ನೋಡುವುದು ಖಾತೆ ಸಂಖ್ಯೆಯನ್ನು; ಹೆಸರು ತಾಳೆ ಆಗಲೇಬೇಕೆಂಬ ಕಟ್ಟುಪಾಡು ಇರಲಿಲ್ಲ. ಇದರ ಬೆಲೆ ಎಷ್ಟೆಂದು ನಮ್ಮ ಭಾಗದ ಬ್ಯಾಂಕೊಂದೇ ತೋರಿಸಿಕೊಟ್ಟಿತು. ಹೊಸಪೇಟೆಯಲ್ಲಿ ಕೇಂದ್ರ ಕಚೇರಿ ಇರುವ ಬಳ್ಳಾರಿ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕಿನಿಂದ ಗ್ರಾಹಕರು ಕಳಿಸಿದ ಹಣ 2025ರ ಜನವರಿಯಲ್ಲಿ ಸೇರಬೇಕಾದವರಿಗೆ ಸೇರಲಿಲ್ಲ. ಬ್ಯಾಂಕು ತನ್ನ ವರ್ಗಾವಣೆಗಳನ್ನು ಐಡಿಬಿಐ ಬ್ಯಾಂಕಿನ ಮೂಲಕ ಮಾಡುತ್ತಿತ್ತು. ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಹೋಗುವ ಕಡತದಲ್ಲಿ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಕೋಡ್ ಬದಲಾಗಿದ್ದವು, ಹೆಸರುಗಳು ಹಾಗೇ ಇದ್ದವು ಎಂದು ಪೊಲೀಸರಿಗೆ ದೂರು ಹೋಯಿತು. ಹೋದ ಮೊತ್ತ 2.34 ಕೋಟಿ ರೂಪಾಯಿ. ಬ್ಯಾಂಕಿಗೇ ಹೀಗಾದರೆ ಅಡತಿ ಅಂಗಡಿಯ ಮುನೀಮರು ಏನು ಮಾಡಿಯಾರು?

ಮಾಡಬಹುದಾದದ್ದು ಈಗ ಒಂದಿದೆ. ಆರ್‌ಟಿಜಿಎಸ್, ಎನ್‌ಇಎಫ್‌ಟಿ ಮಾಡುವ ಮುಂಚೆ ಖಾತೆ ಯಾರ ಹೆಸರಲ್ಲಿದೆ ಎಂದು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೆ ಸೂಚಿಸಿತ್ತು. ನೆಟ್‌ಬ್ಯಾಂಕಿಂಗಿನಲ್ಲೂ ಶಾಖೆಯ ಕೌಂಟರಿನಲ್ಲೂ ಕೇಳಬಹುದು, ಅದಕ್ಕೆ ಶುಲ್ಕ ಇಲ್ಲ. ಖಾತೆ ಬದಲಾಗಿದೆ ಎಂಬ ಸುದ್ದಿ ಬಂದರೆ ಹಳೆಯ ನಂಬರಿಗೆ ಫೋನ್ ಮಾಡಿ ದನಿ ಕೇಳಿಯೇ ಹಣ ಹಾಕುವುದು ಎಂದು ಗಂಜಿನವರೆಲ್ಲ ಸೇರಿ ಒಂದು ರೂಢಿ ಮಾಡಿಕೊಂಡರೆ ಅದಕ್ಕೂ ಖರ್ಚಿಲ್ಲ. ಕಲ್ಯಾಣ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆ ಇದನ್ನು ಒಂದು ನಿರ್ಣಯವಾಗಿಯೇ ತರಬಹುದು. ತೂಕ, ಹಮಾಲಿ, ದಲಾಲಿಗೆಲ್ಲ ಕಟ್ಟಳೆ ಮಾಡಿಕೊಂಡ ಮಾರುಕಟ್ಟೆಗೆ ಇದು ಹೊಸ ಕೆಲಸವೇನಲ್ಲ.

ಇನ್ನು ಮಿಲ್ಲಿನ ಆಫೀಸಿನ ಕಂಪ್ಯೂಟರು. ಒಂದೇ ಒಂದು. ಮೇಲೆ ಲಕ್ಷ್ಮಿ ಫೋಟೋ, ಒಳಗೆ ಲೆಕ್ಕ ಬರೆಯುವ ಟ್ಯಾಲಿ. ವಿಂಡೋಸ್ ಹಳೆಯದು, ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿಯಲ್ಲೇ ಬೆಂಬಲ ನಿಲ್ಲಿಸಿತು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು. ಬೆಂಬಲ ನಿಂತಿತು ಅಂದರೆ ಯಂತ್ರ ನಿಲ್ಲುವುದಿಲ್ಲ, ಮೊದಲಿನಂತೆ ಓಡುತ್ತದೆ. ಹಾಗಾಗಿ ಯಾರೂ ಬದಲಿಸುವುದಿಲ್ಲ. ಟ್ಯಾಲಿ ಕೆಟ್ಟಾಗ ರಿಪೇರಿ ಹುಡುಗ ದೂರದಿಂದಲೇ ನೋಡಲಿ ಎಂದು ಎನಿಡೆಸ್ಕ್ ಸದಾ ತೆರೆದಿಟ್ಟು, ಅದರ ಪಾಸ್‌ವರ್ಡನ್ನು ಮಾನಿಟರಿನ ಅಂಚಿಗೆ ಅಂಟಿಸಿರುತ್ತಾರೆ. ಆ ಹುಡುಗ ಕೆಲಸ ಬಿಟ್ಟು ಪುಣೆಗೆ ಹೋಗಿ ಎರಡು ವರ್ಷವಾದರೂ ಪಾಸ್‌ವರ್ಡು ಅದೇ. ಎಷ್ಟೋ ಕಡೆ ಟ್ಯಾಲಿಯೇ ಕ್ರ್ಯಾಕ್ ಮಾಡಿದ ಪ್ರತಿ. ಕ್ರ್ಯಾಕು ಪುಕ್ಕಟೆ ಕೊಟ್ಟವನು ಅದರೊಳಗೆ ಇನ್ನೇನು ಸೇರಿಸಿದ್ದಾನೆಂದು ಕೇಳಿದವರಿಲ್ಲ.

ಒಂದು ಬೆಳಗ್ಗೆ ಟ್ಯಾಲಿ ತೆರೆಯುವುದಿಲ್ಲ. ಕಡತಗಳ ಹೆಸರಿನ ಬಾಲಕ್ಕೆ ಯಾವುದೋ ಅಕ್ಷರಗಳು ಸೇರಿರುತ್ತವೆ, ಒಂದು ಚೀಟಿ ಮಾತ್ರ ತೆರೆಯುತ್ತದೆ: ಇಷ್ಟು ಬಿಟ್‌ಕಾಯಿನ್ ಕೊಟ್ಟರೆ ಬೀಗ ತೆಗೆಯುತ್ತೇವೆ. ಇದೇ ರ‍್ಯಾನ್ಸಮ್‌ವೇರ್. 2017ರ ಮೇ 12ರಂದು ಶುರುವಾದ ವಾನಾಕ್ರೈ ಒಂದೆರಡು ದಿನದಲ್ಲೇ ನೂರೈವತ್ತರಷ್ಟು ದೇಶಗಳ ಲಕ್ಷಾಂತರ ಕಂಪ್ಯೂಟರುಗಳಿಗೆ ಹರಡಿತು, ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚಿನಲ್ಲೇ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ನಾವು ಸಣ್ಣವರು, ನಮ್ಮನ್ನು ಯಾರು ಹುಡುಕಿಕೊಂಡು ಬರುತ್ತಾರೆ ಎಂಬ ಸಮಾಧಾನ ಇದೆಯಲ್ಲ, ಅದು ಇಲ್ಲಿ ನಡೆಯುವುದಿಲ್ಲ. ಯಾರೂ ಹುಡುಕುವುದಿಲ್ಲ, ಅಂತರ್ಜಾಲದ ಎಲ್ಲ ವಿಳಾಸಗಳ ಬಾಗಿಲನ್ನೂ ಯಂತ್ರವೇ ತಳ್ಳಿ ನೋಡುತ್ತದೆ, ತೆರೆದದ್ದಕ್ಕೆ ನುಗ್ಗುತ್ತದೆ. ಒಮ್ಮೊಮ್ಮೆ ಸಣ್ಣವರು ದೊಡ್ಡವರ ಮನೆಗೆ ದಾರಿಯಾಗುತ್ತಾರೆ. ಅಮೆರಿಕದ ಟಾರ್ಗೆಟ್ ಮಳಿಗೆಗಳಿಂದ 2013ರಲ್ಲಿ ಸುಮಾರು 4 ಕೋಟಿ ಕಾರ್ಡುಗಳ ಮಾಹಿತಿ ಕಳುವಾದಾಗ ಕಳ್ಳರು ಒಳಹೊಕ್ಕದ್ದು ಆ ಮಳಿಗೆಗಳಿಗೆ ಶೀತಲೀಕರಣದ ಕೆಲಸ ಮಾಡಿಕೊಡುತ್ತಿದ್ದ ಒಂದು ಸಣ್ಣ ಕಂಪನಿಯ ಪಾಸ್‌ವರ್ಡ್ ಹಿಡಿದು. ನಮ್ಮಲ್ಲಿ 2024ರ ಜುಲೈ ಕೊನೆಗೆ, ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಸಂಸ್ಥೆಗೆ ರ‍್ಯಾನ್ಸಮ್‌ವೇರ್ ತಗುಲಿ, ಸುಮಾರು 300 ಸಣ್ಣ ಬ್ಯಾಂಕುಗಳನ್ನು ಎನ್‌ಪಿಸಿಐ ಪಾವತಿ ಜಾಲದಿಂದ ಬೇರ್ಪಡಿಸಬೇಕಾಯಿತು. ಆ ಬ್ಯಾಂಕುಗಳ ಗ್ರಾಹಕರ ಯುಪಿಐ ಅಷ್ಟು ಹೊತ್ತು ಸ್ತಬ್ಧ.

ಮದ್ದು ಮಾತ್ರ ತೀರಾ ಸಾದಾ. ಟ್ಯಾಲಿ ತನ್ನ ಲೆಕ್ಕವನ್ನೆಲ್ಲ ಅಂಕಿ ಹೆಸರಿನ ಒಂದು ಫೋಲ್ಡರಿನಲ್ಲಿ ಇಡುತ್ತದೆ. ದಿನ ಸಂಜೆ ಅದನ್ನು ಪೆನ್‌ಡ್ರೈವಿಗೆ ನಕಲು ಮಾಡಿ, ಪೆನ್‌ಡ್ರೈವ್ ಕಿತ್ತು ಮನೆಗೆ ಒಯ್ಯಬೇಕು. ಕೀಳುವುದೇ ಮುಖ್ಯ. ಕಂಪ್ಯೂಟರಿಗೇ ಚುಚ್ಚಿಟ್ಟ ಪೆನ್‌ಡ್ರೈವಿಗೂ ಬೀಗ ಬೀಳುತ್ತದೆ. ಎರಡು ಪೆನ್‌ಡ್ರೈವ್ ಇಟ್ಟುಕೊಂಡು ದಿನ ಬಿಟ್ಟು ದಿನ ಬಳಸಿದರೆ ಇನ್ನೂ ವಾಸಿ. ತಿಂಗಳಿಗೊಮ್ಮೆ ಆ ನಕಲು ತೆರೆಯುತ್ತದೆಯೋ ಇಲ್ಲವೋ ಬೇರೆ ಕಂಪ್ಯೂಟರಿನಲ್ಲಿ ಹಾಕಿ ನೋಡುವುದೂ ಸೇರಿದರೆ, ದೊಡ್ಡ ಕಂಪನಿಗಳು ಲಕ್ಷಗಟ್ಟಲೆ ಸುರಿದು ಮಾಡುವ ಕೆಲಸದ ಮುಕ್ಕಾಲು ಪಾಲು ಮುಗಿದಂತೆ.

ಕೌಂಟರಿನ ಕಳ್ಳತನಗಳು ಚಿಲ್ಲರೆಯವು, ಬೇಗ ಮುಗಿಸುತ್ತೇನೆ. ಕಮಲಾಪುರದಲ್ಲಿ ಕೆಂಪು ಬಾಳೆ ಮಾರುವವರಿಂದ ಹಿಡಿದು ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಬಟ್ಟೆ ಅಂಗಡಿಯವರೆಗೆ ಎಲ್ಲರ ಮುಂದೂ ಒಂದು ಕ್ಯೂಆರ್ ಚೀಟಿ. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೋದಲ್ಲಿ ರಾತ್ರೋರಾತ್ರಿ ಹಲವು ಅಂಗಡಿಗಳ ಚೀಟಿಯ ಮೇಲೆ ಬೇರೆ ಚೀಟಿ ಅಂಟಿಸಿ ಹೋಗಿದ್ದರು, ಪೆಟ್ರೋಲ್ ಬಂಕನ್ನೂ ಬಿಟ್ಟಿರಲಿಲ್ಲ. ಹಣ ಕೊಟ್ಟ ಗಿರಾಕಿಯ ಫೋನಿನಲ್ಲಿ ಬೇರೆ ಹೆಸರು ಕಂಡಾಗ ವಿಷಯ ಹೊರಬಿತ್ತು. ಹಣ ಹೋಯಿತೆಂದು ಹಸಿರು ಗುರುತು ತೋರಿಸುವ ನಕಲಿ ಆ್ಯಪುಗಳೂ ಇವೆ. ಎರಡಕ್ಕೂ ಉತ್ತರ ಕೌಂಟರಿನ ಸೌಂಡ್‌ಬಾಕ್ಸ್. ಅದು ಗಿರಾಕಿಯ ಫೋನನ್ನು ನಂಬುವುದಿಲ್ಲ, ಕಂಪನಿಯ ಸರ್ವರಿನಿಂದ ಖಾತ್ರಿಯಾದ ಮೇಲಷ್ಟೇ ಬಾಯಿ ಬಿಡುತ್ತದೆ. ಸಂತೆಯ ಗದ್ದಲದಲ್ಲಿ, ನೆಟ್‌ವರ್ಕ್ ಇಲ್ಲದ ಹೊತ್ತಿನಲ್ಲಿ ಅದು ಸುಮ್ಮನಿದ್ದಾಗ ‘ಹೋಗ್ಯಾದ ನೋಡ್ರಿ ಅಣ್ಣಾರ’ ಎಂದು ಸ್ಕ್ರೀನ್ ತೋರಿಸುವವರಿಗೆ ಎರಡು ನಿಮಿಷ ನಿಲ್ಲಿ ಎನ್ನುವುದು ಕಷ್ಟ. ಆ ದಾಕ್ಷಿಣ್ಯದ ಮೇಲೇ ಈ ಮೋಸ ನಡೆಯುವುದು.

ವಾಟ್ಸ್‌ಆ್ಯಪಿಗೆ ಬರುವ ಮದುವೆ ಕರೆಯೋಲೆ, ಟ್ರಾಫಿಕ್ ದಂಡ, ಪಿಎಂ ಕಿಸಾನ್ ಪಟ್ಟಿ ಎಂಬ ಹೆಸರಿನ ಎಪಿಕೆ ಕಡತಗಳನ್ನು ಮಾತ್ರ ಚಿಲ್ಲರೆ ಅನ್ನಲಾಗದು. ಅವು ಕರೆಯೋಲೆಯೂ ಅಲ್ಲ, ಪಟ್ಟಿಯೂ ಅಲ್ಲ, ಆ್ಯಪುಗಳು. ಒಮ್ಮೆ ಒಳಗೆ ಕೂತರೆ ಬರುವ ಮೆಸೇಜುಗಳನ್ನೆಲ್ಲ ಓದಿ ಒಟಿಪಿಯನ್ನು ಬೇರೆಯವರಿಗೆ ರವಾನಿಸುತ್ತವೆ. ಮೊದಲು ಹೇಳಿದ ಒಂದೇ ಫೋನಿನ ಸಮಸ್ಯೆ ಇಲ್ಲಿ ಪೂರ್ತಿ ಬಯಲಾಗುತ್ತದೆ: ಕರೆಯೋಲೆ ಎಂದು ಒತ್ತಿದ್ದು ಮನೆಯವರು, ಖಾಲಿಯಾದದ್ದು ಅಂಗಡಿಯ ಕ್ಯಾಶ್ ಕ್ರೆಡಿಟ್ ಖಾತೆ.

ಹಣ ಹೋದ ಮೇಲೆ? 1930ಕ್ಕೆ ಕರೆ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು, ನಗರದ ಸೈಬರ್ ಅಪರಾಧ (ಸಿಇಎನ್) ಪೊಲೀಸ್ ಠಾಣೆ. ಮೊದಲ ಒಂದೆರಡು ಗಂಟೆಯಲ್ಲಿ ತಿಳಿಸಿದರೆ ಹಣ ಖಾತೆಯಿಂದ ಖಾತೆಗೆ ಹಾರುವ ಮುನ್ನ ತಡೆಹಿಡಿಯಲು ಸಾಧ್ಯ. ಬ್ಯಾಂಕಿಗೂ ಲಿಖಿತವಾಗಿ ತಿಳಿಸಿ ಸ್ವೀಕೃತಿ ತೆಗೆದುಕೊಳ್ಳಬೇಕು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಹೇಳಿದ್ದು ಇಷ್ಟು: ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ, ವ್ಯವಸ್ಥೆಯ ಬೇರೆಲ್ಲೋ ಆಗಿದ್ದರೆ ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ನಷ್ಟವಿಲ್ಲ, ನಾಲ್ಕರಿಂದ ಏಳನೇ ದಿನದೊಳಗಾದರೆ ಸಣ್ಣ ಉದ್ದಿಮೆಗಳ ಚಾಲ್ತಿ, ಕ್ಯಾಶ್ ಕ್ರೆಡಿಟ್ ಖಾತೆಗಳಿಗೆ ಹೊಣೆ 10,000 ರೂಪಾಯಿಗೆ ಮಿತಿ. ಕೇಳಲು ಚೆನ್ನಾಗಿದೆ. ಆದರೆ ಒಟಿಪಿಯನ್ನೋ ಪಿನ್ನನ್ನೋ ನೀವೇ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗೆ ಆದ ನಷ್ಟ ಪೂರ್ತಿ ನಿಮ್ಮದೇ. ಸೇನೆಯ ಹೆಸರಿನ ಮೋಸದಲ್ಲಿ ಪಿನ್ ಒತ್ತಿದ್ದು ಅಂಗಡಿಯವರೇ ಅಲ್ಲವೇ? ಸಣ್ಣ ವ್ಯಾಪಾರಿಗಳಿಗೆ ಆಗುವ ಹೆಚ್ಚಿನ ಮೋಸಗಳು ಈ ಸುತ್ತೋಲೆಯ ರಕ್ಷಣೆಯ ಆಚೆಗೇ ಬೀಳುತ್ತವೆ.

ಮೋಸಹೋಗದೆಯೂ ಸಿಕ್ಕಿಬೀಳುವ ಬಗೆ ಒಂದಿದೆ, ಗಂಜಿನವರು ಇದಕ್ಕೆ ಹೆಚ್ಚು ಅಂಜಬೇಕು. ಎಲ್ಲೋ ಯಾರದೋ ಹಣ ಕದ್ದವನು ನಿಮ್ಮಲ್ಲಿ ಸಾಮಾನು ಕೊಂಡು ಯುಪಿಐ ಮಾಡುತ್ತಾನೆ. ಹಣದ ಜಾಡು ಹಿಡಿದ ಬೇರೆ ರಾಜ್ಯದ ಪೊಲೀಸರ ಸೂಚನೆ ಬಂದು ನಿಮ್ಮ ಖಾತೆಯೇ ಸ್ಥಗಿತ. ಬಂದ ಹಣ ಕೆಲವೇ ನೂರು ರೂಪಾಯಿ ಇರಬಹುದು, ನಿಂತದ್ದು ಇಡೀ ಖಾತೆ. ಕೇರಳದಲ್ಲಿ ಹೀಗಾದ ವ್ಯಾಪಾರಿಗಳು, ಖಾತೆದಾರರು ಹೈಕೋರ್ಟಿಗೆ ಹೋದರು. ಅನುಮಾನದ ಮೊತ್ತಕ್ಕಷ್ಟೇ ತಡೆ ಇರಲಿ, ಇಡೀ ಖಾತೆಗೆ ಬೇಡ ಎಂದು 2023ರಲ್ಲಿ ನ್ಯಾಯಾಲಯ ಹೇಳಿತು. ಆ ಮಾತು ಹೇಳಿಸಿಕೊಳ್ಳಲು ಕೋರ್ಟಿಗೆ ಹೋಗಬೇಕಾಯಿತು ಎಂಬುದನ್ನು ಗಮನಿಸಿ. ಬಿಲ್ಲು ಕೊಟ್ಟವರಿಗೆ ಇದರಿಂದ ಹೊರಬರುವುದು ಸುಲಭ, ಬಿಲ್ಲಿಲ್ಲದೆ ಮಾರಿದವರಿಗೆ ‘ಇದು ವ್ಯಾಪಾರದ ಹಣ’ ಎಂದು ತೋರಿಸಲು ಏನೂ ಇರುವುದಿಲ್ಲ. 2025ರ ಜುಲೈಯಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ನೋಟಿಸು ಬಂದಾಗ ಬೆಂಗಳೂರಿನ ಎಷ್ಟೋ ಅಂಗಡಿಗಳು ಕ್ಯೂಆರ್ ಕಿತ್ತುಹಾಕಿದವು. ಡಿಜಿಟಲ್ ಪಾವತಿಯ ಭಯ ಎರಡೂ ಕಡೆಯಿಂದ ಬಂದಿದೆ, ಕಳ್ಳರಿಂದಷ್ಟೇ ಅಲ್ಲ.

ಕಾನೂನಿನ ಕಡೆ ನೋಡಿದರೆ ನಗುವೂ ಬರುತ್ತದೆ. ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ವರದಿ ಮಾಡಬೇಕು, 180 ದಿನಗಳ ಲಾಗ್ ಇಟ್ಟಿರಬೇಕು ಎಂಬುದು 2022ರ ಏಪ್ರಿಲ್‌ನ ಆದೇಶ. ಸಣ್ಣ ಉದ್ದಿಮೆಗಳಿಗೆ ಸಿಕ್ಕ ವಿನಾಯಿತಿ ಅಂದರೆ ಅದೇ ವರ್ಷದ ಸೆಪ್ಟೆಂಬರ್ 25ರವರೆಗೆ ಕಾಲಾವಕಾಶ, ಅಷ್ಟೇ. ಗ್ರಾಹಕರ ಮಾಹಿತಿ ಕಾಪಾಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಎನ್ನುತ್ತದೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಉದ್ರಿ ಖಾತೆ ಬರೆದ ನೋಟ್‌ಬುಕ್ಕಿನ ಫೋಟೋ ವಾಟ್ಸ್‌ಆ್ಯಪಿನಲ್ಲಿ ಇಟ್ಟುಕೊಳ್ಳುವ ಕಿರಾಣಿಯವರನ್ನೂ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯನ್ನೂ ಒಂದೇ ಸಾಲಲ್ಲಿ ನಿಲ್ಲಿಸಿದ ಭಾಷೆ ಇದು. ಕರ್ನಾಟಕ ತನ್ನ ಸೈಬರ್ ಭದ್ರತಾ ನೀತಿಯನ್ನು 2024ರಲ್ಲಿ ಹೊರಡಿಸಿತು; ಆಗ ಆ ನೀತಿ ತಂದ ಖಾತೆಯ ಸಚಿವರಾಗಿದ್ದ ಪ್ರಿಯಾಂಕ್ ಖರ್ಗೆ ಇದೇ ಜಿಲ್ಲೆಯ ಚಿತ್ತಾಪುರದ ಶಾಸಕರು, ಜಿಲ್ಲಾ ಉಸ್ತುವಾರಿಯೂ ಆಗ ಅವರದೇ. ಆ ನೀತಿ ಗಂಜಿನವರೆಗೆ ಬರಬೇಕಾದರೆ ಕನ್ನಡದಲ್ಲಿ, ಉರ್ದುವಿನಲ್ಲಿ ಮಾತಾಡುವ, ಮಿಲ್ಲಿಗೆ ಬಂದು ಕಂಪ್ಯೂಟರ್ ನೋಡಿ ಹೋಗುವ ನಾಲ್ಕೈದು ಜನ ಬೇಕು. ಊರಿನ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಅಂಥ ಹುಡುಗ ಹುಡುಗಿಯರಿಗೆ ಬರವಿಲ್ಲ.

ಅಲ್ಲಿಯವರೆಗೆ ಅಂಗಡಿಯವರು ತಾವೇ ಮಾಡಿಕೊಳ್ಳಬಹುದಾದದ್ದು ಕಲೆತುಹೋದದ್ದನ್ನು ಬೇರ್ಪಡಿಸುವುದು. ಹೊಸ ಸಿಮ್ ಒಂದನ್ನು ತೆಗೆದು ಹಳೆಯ ಬಟನ್ ಫೋನಿಗೆ ಹಾಕಿ. ಕ್ಯಾಶ್ ಕ್ರೆಡಿಟ್ ಖಾತೆಗೂ ಜಿಎಸ್‌ಟಿಗೂ ಆ ನಂಬರು ಕೊಡಿ, ಅದು ಯಾವ ಬಿಲ್ಲಿನಲ್ಲೂ ಅಚ್ಚಾಗಬಾರದು. ಬಟನ್ ಫೋನಿಗೆ ಕರೆಯೋಲೆಯ ಎಪಿಕೆ ಹತ್ತುವುದಿಲ್ಲ. ಬೋರ್ಡಿನ ಮೇಲಿನ ನಂಬರು, ಕ್ಯೂಆರ್, ಸೌಂಡ್‌ಬಾಕ್ಸ್ ಮೂರೂ ಇನ್ನೊಂದು ಚಿಕ್ಕ ಖಾತೆಗೆ ಇರಲಿ. ಸಂಜೆ ಅದರಲ್ಲಿ ಬಿದ್ದದ್ದನ್ನು ದೊಡ್ಡ ಖಾತೆಗೆ ಹಾಕಿಬಿಟ್ಟರೆ, ಯಾರಾದರೂ ಹೊಡೆದರೂ ಹೋಗುವುದು ಆ ದಿನದ ಗಲ್ಲಾ. ಮಿಲ್ಲುಗಳಾದರೆ ನೆಟ್‌ಬ್ಯಾಂಕಿಂಗಿನಲ್ಲಿ ಒಬ್ಬರು ತುಂಬಿ ಇನ್ನೊಬ್ಬರು ಒಪ್ಪಿಗೆ ಕೊಡುವ ಪದ್ಧತಿ ಕೇಳಿ ಪಡೆಯಬೇಕು, ಆ ಎರಡೂ ಪಾಸ್‌ವರ್ಡು ಮುನೀಮರ ಡ್ರಾವರಿನಲ್ಲೇ ಇರಬಾರದು. ನಂಬರು ಬದಲಿಸಲು ಬ್ಯಾಂಕಿನಲ್ಲಿ ಅರ್ಧ ದಿನ ಹೋಗುತ್ತದೆ, ಸೀಲು ಸಹಿ ಎಂದು ಇನ್ನೊಂದು ಸುತ್ತು ತಿರುಗಿಸುತ್ತಾರೆ ಕೂಡ. ಹೊಸ ಸಿಮ್ಮಿನ ರೀಚಾರ್ಜು ಮಾತ್ರ ಮರೆಯಬಾರದು. ಮೂರು ತಿಂಗಳು ಬಳಕೆಯಿಲ್ಲದೆ ಬಿದ್ದ ನಂಬರನ್ನು ಕಂಪನಿ ಕಡಿದು, ಮುಂದೆ ಬೇರೆಯವರಿಗೆ ಕೊಡುತ್ತದೆ. ಬ್ಯಾಂಕಿನ ದಾಖಲೆಯಲ್ಲಿ ಅದು ಆಗಲೂ ನಿಮ್ಮ ಹೆಸರಲ್ಲೇ ಇರುತ್ತದೆ.